ಅಮ್ಮನ ಆಫೀಸಿಗೆ ಟು-ಲೆಟ್ ಬೋರ್ಡು

"ಅಂಕಲ್, ಈ ರೂಮಲ್ಲಿ ನೀರು ಬರಲ್ಲ."

ಮಹಡಿ ಮೆಟ್ಟಿಲಿಗೆ ಅಡ್ಡಲಾಗಿ ಕೂತಿದ್ದ ಲಾವಣ್ಯ ಹೀಗೆಂದಾಗ ಕೆಳಗೆ ನಿಂತಿದ್ದ ಕನ್ನಡಕದ ಅಂಕಲ್ ಗೇಟಿನ ಕಡೆ ತಿರುಗಿ ನೋಡಿದ.

"ಬೋರ್ಡಲ್ಲಿ ಇಪ್ಪತ್ನಾಲ್ಕು ಗಂಟೆ ನೀರು ಅಂತ ಬರೆದಿದೆಯಲ್ಲಮ್ಮಾ?"

"ಅದು ನಮ್ಮ ತಾತ ಬರೆದಿದ್ದು. ತಾತಂಗೆ ಹಳೇ ಕಾಲದ್ದೇ ನೆನಪು ಜಾಸ್ತಿ. ಆಗ ಬರ್ತಿತ್ತು."

"ಗಾಳಿ ಚೆನ್ನಾಗಿ ಬರುತ್ತಾ?"

"ಸಕ್ಕತ್ತಾಗಿ ಬರುತ್ತೆ. ಜೊತೆಗೆ ಸೊಳ್ಳೆನೂ ಬರುತ್ತೆ. ಇಷ್ಟಿಷ್ಟು ದಪ್ಪ, ಅಂಕಲ್!" ಎಂದು ಲಾವಣ್ಯ ಎರಡು ಬೆರಳು ಅಗಲಿಸಿ ತೋರಿಸಿದಳು. ಆ ಅಳತೆಗೆ ಸೊಳ್ಳೆಯಲ್ಲ, ಗುಬ್ಬಚ್ಚಿ ಆಗಬೇಕು. ಅಂಕಲ್ ಮೂಗಿನ ಮೇಲೆ ಕನ್ನಡಕ ಸರಿ ಮಾಡಿಕೊಂಡ. ಮೊಬೈಲ್ ತೆಗೆದು ಯಾರಿಗೋ "ಬೇರೆ ಕಡೆ ನೋಡೋಣ ಗುರು" ಎನ್ನುತ್ತಾ ಹೊರಟುಹೋದ.

ಇವತ್ತಿಗೆ ಇವನು ಮೂರನೆಯವನು. ಶಾಲೆಯಿಂದ ಬಂದ ಮೇಲೆ ಲಾವಣ್ಯ ಯೂನಿಫಾರ್ಮ್ ಕೂಡ ಬದಲಾಯಿಸದೆ ಇದೇ ಕೆಲಸಕ್ಕೆ ಕೂತಿದ್ದಳು.

ಇವರೆಲ್ಲ ನೋಡಲು ಬರುತ್ತಿದ್ದ ರೂಮು ಖಾಲಿಯೇನೂ ಇರಲಿಲ್ಲ. ಅದು ಅಮ್ಮನ ಆಫೀಸು. ಮುಚ್ಚಿದ ಬಾಗಿಲ ಹಿಂದೆ ಅಮ್ಮ ಆಶಾರಾಣಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಲೇ ಇದ್ದಳು.

ಮನೆಗೆ ಹೊಸ ಮಿಕ್ಸಿಯನ್ನೋ ಕುಕ್ಕರನ್ನೋ ತಂದಾಗ ಡಬ್ಬದೊಳಗೆ ಒಂದು ಪುಟ್ಟ ಪುಸ್ತಕ ಇರುತ್ತದಲ್ಲ? ಮುಚ್ಚಳ ಹೀಗೆ ತಿರುಗಿಸಿ, ವೈರು ಇಲ್ಲಿ ಸಿಕ್ಕಿಸಿ ಎಂದು ಬಾಣದ ಗುರುತು ಹಾಕಿ ಚಿತ್ರ ಬರೆದಿರುತ್ತಾರಲ್ಲ? ನಾವು ನೀವೆಲ್ಲ ಅದನ್ನು ಬಿಡಿಸಿಯೂ ನೋಡದೆ ಎಲ್ಲೋ ಬಿಸಾಕುತ್ತೇವೆ. ಮಿಕ್ಸಿ ಕೆಟ್ಟ ದಿನ ಮನೆಯೆಲ್ಲ ತಡಕಾಡುತ್ತೇವೆ. ಆ ಚಿತ್ರಗಳನ್ನು ಯಾರಾದರೂ ಕೂತು ಬರೆದಿರಲೇಬೇಕಲ್ಲ! ಲಾವಣ್ಯಳ ಅಮ್ಮನ ಕೆಲಸ ಅದೇ.

ಚಿತ್ರದಲ್ಲಿ ಕೈ ಬೇಕಾದಾಗ ಅಮ್ಮ ಲಾವಣ್ಯಳ ಕೈಯ ಫೋಟೋ ತೆಗೆದುಕೊಳ್ಳುತ್ತಿದ್ದಳು. "ಬೆರಳು ಸ್ವಲ್ಪ ಬಗ್ಗಿಸು ಲಾವಿ, ಹಾಂ, ಹಾಗೇ ಹಿಡ್ಕೋ" ಎಂದು ಕ್ಲಿಕ್ ಮಾಡಿ, ಆಮೇಲೆ ಬೆರಳುಗಳನ್ನು ಒಂದಿಷ್ಟು ಉದ್ದ ಮಾಡಿ ಬರೆಯುತ್ತಿದ್ದಳು. ಹೀಗಾಗಿ ಎಷ್ಟೋ ಊರುಗಳ ಎಷ್ಟೋ ಮನೆಗಳಲ್ಲಿ ಲಾವಣ್ಯಳ ಕೈ ಇತ್ತು. ಕ್ಲಾಸಿನಲ್ಲಿ ಯಾರೂ ಇದನ್ನು ನಂಬುವುದಿಲ್ಲ, ಆ ಮಾತು ಬೇರೆ.

ಹಿಂದೆ ಅಮ್ಮ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದಳಂತೆ. ಕೊರೊನಾ ಬಂದು ಊರಿಗೂರೇ ಬಾಗಿಲು ಹಾಕಿಕೊಂಡು ಕೂತ ವರ್ಷ ಆ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸಿತು. ಅಮ್ಮನೂ ಬಂದಳು. ಎರಡು ದಿನ ಅತ್ತಳು. ಮೂರನೆಯ ದಿನ ಮೂಗೊರೆಸಿಕೊಂಡು, ಮಹಡಿ ರೂಮಿನಲ್ಲಿದ್ದ ರಾಗಿ ಮೂಟೆಗಳನ್ನು ಕೆಳಗಿಳಿಸಿ ಕಂಪ್ಯೂಟರ್ ಇಟ್ಟಳು. ಅವತ್ತಿನಿಂದ ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಯವರು ಫೋಟೋ ಕಳಿಸುತ್ತಾರೆ, ಅಮ್ಮ ಚಿತ್ರ ಬರೆದುಕೊಡುತ್ತಾಳೆ.

ಇದಕ್ಕೆ ಫ್ರೀಲಾನ್ಸ್ ಅನ್ನುತ್ತಾರೆ. ತಲೆಯ ಮೇಲೆ ಬಾಸ್ ಇಲ್ಲ. ಇಷ್ಟವಿಲ್ಲದ ಕೆಲಸಕ್ಕೆ ಆಗಲ್ಲ ಅನ್ನಬಹುದು. ಹಾಗಂತ ಭಾನುವಾರವೂ ಇಲ್ಲ. "ಮೇಡಂ, ಅರ್ಜೆಂಟ್" ಅಂತ ಫೋನ್ ಬಂದರೆ ತಟ್ಟೆಗೆ ಹಾಕಿದ ಹೋಳಿಗೆ ಬಿಟ್ಟು ಮೇಲೆ ಓಡಬೇಕು. ಒಂದು ತಿಂಗಳು ಕೈ ತುಂಬ ಕೆಲಸ, ಇನ್ನೊಂದು ತಿಂಗಳು ನೊಣ ಹೊಡೆಯುವುದು.

ಲಾವಣ್ಯಳಿಗೆ ಮಾತ್ರ ಇದು ಬಲು ಅನುಕೂಲ. ಮೂರೂವರೆಗೆ ಬಂದು, ಬ್ಯಾಗ್ ಎಸೆದು, ಮಹಡಿ ಹತ್ತಿದರೆ ಅಮ್ಮ ಸಿಗುತ್ತಾಳೆ. ಯಾರು ಯಾರಿಗೆ ಹೊಡೆದರು, ಮಿಸ್ ಯಾರನ್ನು ಎದ್ದು ನಿಲ್ಲಿಸಿದರು, ಎಲ್ಲವನ್ನೂ ಅಮ್ಮ ಬಿಟ್ಟ ಬಾಯಿ ಬಿಟ್ಟಂತೆ ಕೇಳುತ್ತಾಳೆ.

ಹೋದ ಭಾನುವಾರ ಒಂದು ಫೋನ್ ಬಂತು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈಯೆಲ್ಲ ಸೊಗಡು ಅಂತ ಫೋನನ್ನು ಸ್ಪೀಕರ್‌ಗೆ ಹಾಕಿದಳು. ಅಲ್ಲೇ ಎಡವಟ್ಟಾಗಿದ್ದು.

ಮಾತಾಡಿದವರು ಹಳೆಯ ಕಂಪನಿಯ ಶ್ಯಾಮಣ್ಣ. ಅಲ್ಲಿ ಚಿತ್ರ ಬರೆಯುವವರಿಗೆಲ್ಲ ಅವರೇ ಹಿರಿಯರು. "ಆಶಾ, ಕೆಲಸ ಮತ್ತೆ ಜಾಸ್ತಿ ಆಗಿದೆ. ವಾಪಸ್ ಬಂದ್ಬಿಡಿ. ತಿಂಗಳ ಸಂಬಳ, ರಜೆ, ಎಲ್ಲಾ ಮೊದಲಿನ ಥರಾನೇ. ಆದ್ರೆ ಆಫೀಸಿಗೇ ಬರ್ಬೇಕಮ್ಮಾ. ಶುಕ್ರವಾರದೊಳಗೆ ಹೇಳಿ."

"ಯೋಚ್ನೆ ಮಾಡಿ ಹೇಳ್ತೀನಿ ಶ್ಯಾಮಣ್ಣ" ಎಂದಳು ಅಮ್ಮ.

ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ ಅಪ್ಪ ಶಶಿಕುಮಾರ್, "ನಿಂಗೇನ್ ಅನ್ಸುತ್ತೋ ಹಾಗ್ ಮಾಡು" ಎಂದು ಹೇಳಿ ಮಗ್ಗುಲು ಬದಲಿಸಿ ಮಲಗಿದ. ಆದರೆ ತಾತ ಗೋಪಾಲಪ್ಪ? ಕಂಪನಿಯವರೇ ಕರೆದಾಗ ಯೋಚನೆ ಮಾಡುವವರೂ ಇರುತ್ತಾರೆ ಅಂತ ತಾತನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ಸೊಸೆ ಆಫೀಸಿಗೆ ಹೋಗುತ್ತಾಳೆ. ಅಂದರೆ ಮಹಡಿ ರೂಮು ಖಾಲಿ.

ಬೆಂಗಳೂರಿನ ಅಂಚಿನ ಈ ಹೂಡಿಯಲ್ಲಿ ತಾತನಿಗೆ ಮೊದಲು ರಾಗಿ ಹೊಲ ಇತ್ತು. ಈಗ ಹೊಲ ಇದ್ದ ಜಾಗದಲ್ಲಿ ಹನ್ನೊಂದು ರೂಮುಗಳಿವೆ, ಹನ್ನೊಂದರಲ್ಲೂ ಬಾಡಿಗೆಯವರು. ಖಾಲಿ ರೂಮು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ತಾತನ ಕೈ ತುರಿಸುತ್ತದೆ. ಸೋಮವಾರ ಬೆಳಗಾಗುವುದರೊಳಗೆ ಗೇಟಿನ ಮೇಲೆ ಬೋರ್ಡು ತೂಗಾಡುತ್ತಿತ್ತು: ಟು-ಲೆಟ್. ಮಹಡಿ ರೂಮು. 24 ಗಂಟೆ ನೀರು. ಗಾಳಿ ಬೆಳಕು ಉಂಟು.

ಮಂಗಳವಾರ ಒಬ್ಬ ಧಡೂತಿ ಮನುಷ್ಯ ಸೀದಾ ರೂಮಿಗೇ ನುಗ್ಗಿದ. ಅಮ್ಮ ಆಗ ಪೀಣ್ಯದ ಪಂಪ್ ಕಾರ್ಖಾನೆಯ ನಂಜಪ್ಪನವರ ಜೊತೆ ವಿಡಿಯೋ ಕಾಲ್‌ನಲ್ಲಿದ್ದಳು. ಬಂದವನು ಮಂಚ ಹಿಡಿಸುತ್ತದೋ ಇಲ್ಲವೋ ಅಂತ ಟೇಪ್ ಹಿಡಿದು ಗೋಡೆ ಅಳೆಯತೊಡಗಿದ.

"ಮೇಡಂ, ನಿಮ್ಮ ಹಿಂದೆ ಯಾರೋ ಗೋಡೆ ತಬ್ಕೊಂಡವ್ರಲ್ಲಾ?" ಎಂದರು ನಂಜಪ್ಪ, ಸ್ಕ್ರೀನಿನೊಳಗಿಂದ.

ಅಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಲ್ ಮುಗಿಸಿ ಕೆಳಗೆ ಬಂದವಳೇ, "ಮಾವ, ಇನ್ನೂ ಏನೂ ತೀರ್ಮಾನ ಆಗಿಲ್ಲ. ಆಗ್ಲೇ ಯಾಕೆ ಬೋರ್ಡ್ ಹಾಕಿದ್ರಿ?" ಎಂದಳು.

"ಆಗ್ತದಲ್ಲಮ್ಮಿ! ಜನ ಸುಮ್ನೆ ನೋಡ್ಕಂಡೋಗ್ಲಿ. ನೋಡೋದ್ರಲ್ಲಿ ಏನೋಯ್ತದೆ?" ಎಂದ ತಾತ. ಪಾಪ, ತಾತನ ಮನಸ್ಸಿನಲ್ಲಿ ಒಂದಿಷ್ಟೂ ಕೆಟ್ಟದ್ದಿರಲಿಲ್ಲ.

ಲಾವಣ್ಯ ಮಾತ್ರ ಬೆರಳು ಮಡಚಿ ಲೆಕ್ಕ ಹಾಕಿದಳು. ರೂಮು ಹೋದರೆ ಅಮ್ಮನಿಗೆ ಕೂರಲು ಜಾಗವೇ ಇರುವುದಿಲ್ಲ, ಆಗ ಆಫೀಸಿಗೆ ಹೋಗಲೇಬೇಕಾಗುತ್ತದೆ. ಅಮ್ಮ ಹೋಗುವುದು ಬೇಡ. ಬೇಡ ಅಂದರೆ ಬೇಡ. ಅದಕ್ಕೇ ಇವತ್ತು, ಬುಧವಾರ, ಅವಳು ಮೆಟ್ಟಿಲು ಕಾಯಲು ಶುರು ಮಾಡಿದ್ದಳು.

ಮೂರನೆಯವನನ್ನು ಓಡಿಸಿ ಕೂತಿದ್ದಾಗ ನಾಲ್ಕನೆಯದಾಗಿ ಬಂದವಳು ಒಬ್ಬ ಹೆಂಗಸು. ಗಟ್ಟಿಮುಟ್ಟಾದ ಆಳು, ನೀಲಿ ಕೋಟಿನ ಕೆಳಗೆ ಇಳಕಲ್ ಸೀರೆ, ಕುತ್ತಿಗೆಯಲ್ಲಿ ಕಂಪನಿಯ ಐಡಿ ಕಾರ್ಡು. ಕಾರ್ಡಿನಲ್ಲಿ ಚನ್ನಕ್ಕ ಅಂತ ಬರೆದಿತ್ತು.

"ಮ್ಯಾಲಿನ ರೂಮು ಇದೇ ಏನವ್ವಾ?"

"ಹೂಂ. ಆದ್ರೆ ನೀರು ಬರಲ್ಲ ಅಕ್ಕ."

"ಬಿಡು. ನಮ್ಮೂರಾಗ ವಾರಕ್ಕೊಮ್ಮಿ ಬರ್ತಿತ್ತು. ಹೊತ್ತು ರೂಢಿ ಐತಿ."

"ಸೊಳ್ಳೆ ತುಂಬಾ."

"ನಾವ್ ಎಲ್ಲಿರ್ತೀವೋ ಅವೂ ಅಲ್ಲೇ ಇರ್ತಾವ. ಪಾಪ, ಅವಾದ್ರೂ ಎಲ್ಲಿ ಹೋಗಬೇಕು?"

ಲಾವಣ್ಯ ಕೊನೆಯ ಅಸ್ತ್ರ ತೆಗೆದಳು. ದನಿ ತಗ್ಗಿಸಿ, "ಅಕ್ಕ, ಈ ರೂಮಲ್ಲಿ ದೆವ್ವ ಇದೆ" ಎಂದಳು.

ಚನ್ನಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಹೌದಾ? ಬಾಡಿಗಿ ಅರ್ಧಾ ಕೊಡತೈತೇನು ಅದು?"

ಲಾವಣ್ಯಳಿಗೆ ನಗು ತಡೆಯಲಾಗಲಿಲ್ಲ. ನಕ್ಕುಬಿಟ್ಟ ಮೇಲೆ ಸುಳ್ಳು ಹೇಳುವುದು ಕಷ್ಟ. "ಅಕ್ಕ, ಇದು ನಮ್ಮಮ್ಮನ ಆಫೀಸು" ಎಂದು ಎಲ್ಲ ಕತೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಚನ್ನಕ್ಕ ಎರಡು ಮೆಟ್ಟಿಲು ಕೆಳಗೆ ಕೂತು ಕೇಳಿದಳು. ಅವಳು ಈಗಿರುವ ಮನೆಯನ್ನು ಒಡೆದು ಮಾಲೀಕರು ನಾಲ್ಕು ಮಹಡಿ ಕಟ್ಟುತ್ತಾರಂತೆ. ಗಂಡ ಭೀಮಪ್ಪ ಗೌಂಡಿ, ಅಂದರೆ ಗಾರೆ ಕೆಲಸದವನು. ಸೋಮವಾರದೊಳಗೆ ಗಂಟುಮೂಟೆ ಕಟ್ಟಬೇಕಂತೆ.

"ನಾನೂ ಮೊದಲ ಗೌಂಡಿ ಕೆಲಸಕ್ಕ ಹೋಗ್ತಿದ್ದೆ ನೋಡವ್ವಾ. ಮುಂಜಾನೆ ಸರ್ಕಲ್‌ನ್ಯಾಗ ನಿಂತ್ರ ಯಾರರೆ ಕರೀತಿದ್ರು. ಮನಸ್ಸಿದ್ರ ಹೋಗೋದು, ಇಲ್ಲಾಂದ್ರ ಇಲ್ಲ. ಈಗ ಟೆಕ್ ಪಾರ್ಕಿನ್ಯಾಗ ಹೌಸ್‌ಕೀಪಿಂಗು. ಗಡಿಯಾರ ನೋಡಿ ಓಡಬೇಕು."

"ಅದು ಬೇಜಾರಲ್ವಾ?"

"ಓಡೂದು ಬ್ಯಾಸರನ. ಆದ್ರ ಮಧ್ಯಾಹ್ನ ಹದಿನಾಲ್ಕು ಮಂದಿ ಹೆಣ್ಮಕ್ಕಳು ಕೂಡಿ ಉಣ್ತೀವಿ. ಒಬ್ಬಾಕಿ ಚಟ್ನಿ ಇನ್ನೊಬ್ಬಾಕಿ ಡಬ್ಬ್ಯಾಗ. ಆ ಅರ್ಧಾ ತಾಸು ಏನ್ ನಗ್ತೀವಂತಿ!" ಚನ್ನಕ್ಕ ಸೀರೆ ಕೊಡವಿಕೊಂಡು ಎದ್ದಳು. "ಇರಲಿ, ನಿಮ್ಮವ್ವಂದು ಏನಂತ ಗೊತ್ತಾಗಲಿ. ನಾಳೆ ಬಂದು ಯಜಮಾನ್ರನ್ನ ಕೇಳ್ತೀನಿ."

ಚನ್ನಕ್ಕ ಹೋದ ಮೇಲೆ ಲಾವಣ್ಯ ಬಾಗಿಲು ತಳ್ಳಿ ಒಳಗೆ ಹೋದಳು. ಅಮ್ಮ ಪಂಪಿನ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಕೀಬೋರ್ಡಿನ ಪಕ್ಕದಲ್ಲಿ ಮಧ್ಯಾಹ್ನದ ತಟ್ಟೆ ಹಾಗೇ ಇತ್ತು. ಅರ್ಧ ಮುದ್ದೆ ಒಣಗಿ ಕಲ್ಲಾಗಿತ್ತು.

"ಲಾವಿ, ನಾಳೆ ದೊಡ್ಡ ಕ್ಲಾಸಿನವರ ಪರೀಕ್ಷೆ ಅಂತ ನಿಂಗೆ ರಜ ತಾನೇ?" ಎಂದಳು ಅಮ್ಮ. "ಶ್ಯಾಮಣ್ಣ ಒಂದ್ಸಲ ಬಂದು ನೋಡ್ಕೊಂಡ್ ಹೋಗಿ ಅಂದಿದ್ದಾರೆ. ನೀನೂ ಬಾ."

ಲಾವಣ್ಯ ತಕ್ಷಣ ಒಪ್ಪಿಕೊಂಡಳು. ಆಫೀಸಿನಲ್ಲಿ ಏನೇನು ಚೆನ್ನಾಗಿಲ್ಲ ಅಂತ ಹುಡುಕಿ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ಸಿಗುತ್ತದೆಯೇ!

ಗುರುವಾರ ಹೂಡಿಯಲ್ಲಿ ಮೆಟ್ರೋ ಹತ್ತಿ ನಲ್ಲೂರಹಳ್ಳಿಯಲ್ಲಿ ಇಳಿದರು. ಗಾಜಿನ ಕಟ್ಟಡ, ಮುಟ್ಟದಿದ್ದರೂ ತಾನಾಗಿ ತೆರೆದುಕೊಳ್ಳುವ ಬಾಗಿಲು, ಐದನೇ ಮಹಡಿ. ಎಸಿ ಜಾಸ್ತಿ, ಒಂದು ತಪ್ಪು. ಲಿಫ್ಟಿನಲ್ಲಿ ಕನ್ನಡಿ ಇಲ್ಲ, ಎರಡು ತಪ್ಪು. ಲಾವಣ್ಯ ಮನಸ್ಸಿನಲ್ಲೇ ಎಣಿಸುತ್ತಾ ನಡೆದಳು.

"ಆಶಾ ಬಂದ್ಲು! ಏಯ್, ಆಶಾ ಬಂದ್ಲು!" ಎಂದು ಒಳಗಿನಿಂದ ಯಾರೋ ಕೂಗಿದರು.

ಯಾರು ಈ ಆಶಾ ಅಂತ ಲಾವಣ್ಯ ಹಿಂದೆ ತಿರುಗಿ ನೋಡಿದಳು. ಆಮೇಲೆ ಹೊಳೆಯಿತು. ಮನೆಯಲ್ಲಿ ತಾತನಿಗೆ ಅವಳು ಅಮ್ಮಿ, ಬಾಡಿಗೆಯವರಿಗೆ ಓನರ್ ಸೊಸೆ, ಪೀಣ್ಯದವರಿಗೆ ಮೇಡಂ. ಇಲ್ಲಿ ಅಮ್ಮ ಬರೀ ಆಶಾ.

ಶ್ಯಾಮಣ್ಣನವರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಬಂದು ಲಾವಣ್ಯಳ ಕೈ ಕುಲುಕಿದರು. ಕುಲುಕಿದವರು ಕೈ ಬಿಡದೆ ತಿರುಗಿಸಿ ನೋಡಿದರು. "ಈ ಕೈ ನಂಗೊತ್ತಲ್ಲ! ಆಶಾ ತೋರಿಸಿದ ಪಂಪ್ ಪುಸ್ತಕದಲ್ಲಿ ಸ್ಕ್ರೂ ತಿರುಗಿಸ್ತಿದ್ದಿದ್ದು ಇದೇ ತಾನೇ?"

ಲಾವಣ್ಯಳಿಗೆ ಹೆಮ್ಮೆಯಿಂದ ಕಿವಿ ಬಿಸಿಯಾಯಿತು. ತಪ್ಪು ಎಣಿಸುವುದು ಸ್ವಲ್ಪ ಹೊತ್ತು ಮರೆತೇಹೋಯಿತು.

ಮೇಜಿನ ಮೇಲೆ ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಚಿತ್ರ ಇತ್ತು. ರುಬ್ಬಿದ ಮೇಲೆ ಹಿಟ್ಟು ಸುರಿಯಲು ಗ್ರೈಂಡರನ್ನು ಹೇಗೆ ಬಗ್ಗಿಸಬೇಕು ಅಂತ ಅದರಲ್ಲಿ ತೋರಿಸಿದ್ದರು. ಅಮ್ಮ ನೋಡಿದ ಕೂಡಲೇ, "ಅಯ್ಯಯ್ಯೋ, ಎಡಗೈ ಇಲ್ಲಿಟ್ರೆ ಬೆರಳು ಸಂದಿಗೆ ಸಿಕ್ಕುತ್ತೆ ಶ್ಯಾಮಣ್ಣ!" ಎಂದಳು.

"ಸಿಕ್ಕಲ್ಲ ಬಿಡಮ್ಮಾ. ಗ್ರೈಂಡರ್ ಮಾಡಿದವರೇ ಇಲ್ಲಿಡಿ ಅಂತ ಹೇಳಿರೋದು."

"ಸಿಕ್ಕುತ್ತೆ!"

"ಸಿಕ್ಕಲ್ಲ!"

"ಮಿಷನ್ ತರ್ಸಿ, ನೋಡೇಬಿಡೋಣ."

ಮೂಲೆಯಲ್ಲಿದ್ದ ಗ್ರೈಂಡರ್ ನೆಲದ ಮೇಲೆ ಬಂತು. ಅಮ್ಮ, ಶ್ಯಾಮಣ್ಣ, ಜೊತೆಗೆ ಕೆಲಸ ಮಾಡುವ ಇಬ್ಬರು ಹುಡುಗಿಯರು, ಎಲ್ಲರೂ ನೆಲದ ಮೇಲೆ ಸುತ್ತ ಕೂತರು. ಬೆರಳು ಇಟ್ಟು ನೋಡುವ ಧೈರ್ಯ ಯಾರಿಗಿದೆ? ಶ್ಯಾಮಣ್ಣನವರು ತಮ್ಮ ಊಟದ ಡಬ್ಬಿಯಿಂದ ಉದ್ದುದ್ದ ಹೆಚ್ಚಿದ ಸೌತೆಕಾಯಿಯ ಒಂದು ಹೋಳು ತೆಗೆದು, ಚಿತ್ರದಲ್ಲಿ ಬೆರಳು ಇದ್ದ ಜಾಗಕ್ಕೇ ಸರಿಯಾಗಿ ಇಟ್ಟರು. ಅಮ್ಮ ಗ್ರೈಂಡರನ್ನು ಬಗ್ಗಿಸಿದಳು.

ಕಚಕ್!

ಸೌತೆಕಾಯಿ ಎರಡು ತುಂಡಾಗಿ, ಒಂದು ತುಂಡು ಹಾರಿ ಶ್ಯಾಮಣ್ಣನವರ ಶರ್ಟಿನ ಜೇಬಿಗೆ ಬಿತ್ತು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ವೇಲಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನಿಲ್ಲಿಸಿದ ಮೇಲೆ ಮತ್ತೆ ನೆನೆಸಿಕೊಂಡು ಇನ್ನೊಂದು ಸಲ ನಕ್ಕಳು. ಅಮ್ಮನಿಗೆ ಹೀಗೂ ನಗಲು ಬರುತ್ತದೆ ಅಂತ ಲಾವಣ್ಯಳಿಗೆ ಗೊತ್ತೇ ಇರಲಿಲ್ಲ.

"ಇದಕ್ಕೇ ನಿಮ್ಮನ್ನ ಬನ್ನಿ ಬನ್ನಿ ಅಂತಿರೋದು ಆಶಾ" ಎಂದರು ಶ್ಯಾಮಣ್ಣ, ಜೇಬಿನಿಂದ ಸೌತೆಕಾಯಿ ತೆಗೆಯುತ್ತಾ.

"ಮನೇಲಿ ಬರೀ ಫೋಟೋ ನೋಡಿ ಬರೀತೀನಲ್ಲ ಶ್ಯಾಮಣ್ಣ. ಮಿಷನ್ ಕಣ್ಣಲ್ಲೇ ನೋಡಿರಲ್ಲ. ಎಲ್ಲಿ ಯಾರ ಬೆರಳು ಸಿಕ್ಕುತ್ತೋ ಅಂತ ಭಯ. ಕೇಳೋಣ ಅಂದ್ರೆ ಪಕ್ಕದಲ್ಲಿ ಯಾರೂ ಇರಲ್ಲ."

ಅಮ್ಮನಿಗೂ ಭಯ ಆಗುತ್ತದೆಯೇ? ಮೂರೂವರೆಗೆ ತಾನು ಹೋದಾಗ ಅಮ್ಮ ಇದನ್ನು ಒಂದು ದಿನವೂ ಹೇಳಿರಲಿಲ್ಲ. ತಾನೂ ಕೇಳಿರಲಿಲ್ಲ. ತನ್ನ ಶಾಲೆಯ ಸುದ್ದಿ ಮುಗಿಯುವಷ್ಟರಲ್ಲಿ ಅಮ್ಮನ ಯಾವುದೋ ಫೋನ್ ಬಂದಿರುತ್ತಿತ್ತು.

ವಾಪಸ್ ಬರುವಾಗ ಮೆಟ್ರೋದಲ್ಲಿ ಅಮ್ಮ ಕಿಟಕಿಯ ಆಚೆ ನೋಡುತ್ತಾ ಕೇಳಿದಳು, "ಆಫೀಸ್ ಹೇಗಿತ್ತು?"

"ಎಸಿ ಜಾಸ್ತಿ" ಎಂದಳು ಲಾವಣ್ಯ.

"ಹೂಂ, ಜಾಸ್ತಿನೇ" ಎಂದು ಅಮ್ಮ ಮತ್ತೆ ಕಿಟಕಿಯ ಕಡೆ ತಿರುಗಿದಳು.

ಸಂಜೆ ಎಲ್ಲರೂ ಹಜಾರದಲ್ಲಿ ಕಾಫಿಗೆ ಕೂತಿದ್ದರು. ತಾತ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡಿದ್ದ. ಅಜ್ಜಿ ಪಿಳ್ಳಮ್ಮ ಅವರೆಕಾಳು ಹಿಸುಕುತ್ತಿದ್ದಳು. ಅಮ್ಮ ಲೋಟ ಕೆಳಗಿಟ್ಟು ಹೇಳಿದಳು, "ನಾನು ಬೇಡ ಅಂತ ಹೇಳ್ಬಿಡ್ತೀನಿ. ಲಾವಿ ಇನ್ನೂ ಚಿಕ್ಕವಳು. ಇನ್ನೆರಡು ವರ್ಷ ಹೋಗ್ಲಿ."

ತಾತನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಅಯ್ಯೋ ಅಮ್ಮಿ! ನಾನು ಎಲೆ ಅಡಿಕೆ ಕೊಟ್ಬುಟ್ನಲ್ಲ!"

ಇಲ್ಲಿ ಒಂದು ಮಾತು ಹೇಳಬೇಕು. ತಾತನಿಗೆ ಅಗ್ರಿಮೆಂಟು, ಸ್ಟ್ಯಾಂಪ್ ಪೇಪರು ಎಂದರೆ ಆಗದು. ಮನೆ ಕೊಡುವುದು ಅಂತಾದರೆ ಎರಡು ವೀಳ್ಯದೆಲೆ, ಒಂದು ಅಡಿಕೆ. ಅದು ಕೈಯಿಂದ ಕೈಗೆ ಹೋಯಿತೆಂದರೆ ಮಾತು ಮುಗಿಯಿತು. ಆಮೇಲೆ ಸಾಕ್ಷಾತ್ ಮಂತ್ರಿ ಬಂದು ಕೇಳಿದರೂ ತಾತ ಆ ರೂಮು ಬೇರೆಯವರಿಗೆ ಕೊಡುವುದಿಲ್ಲ. ಹನ್ನೊಂದು ರೂಮುಗಳೂ ಹೀಗೇ ನಡೆಯುತ್ತಿವೆ.

"ಯಾರಿಗೆ ಕೊಟ್ರಿ ಮಾವ?" ಅಮ್ಮನ ದನಿ ಗಟ್ಟಿಯಾಯಿತು.

"ಆ ಚನ್ನಕ್ಕ ಅನ್ನೋ ಎಣ್ಮಗಳಿಗೆ. ಬೆಳ್ಗೆ ನೀವಿಬ್ರೂ ಆಫೀಸ್‌ಗೋದ್ರಲ್ಲ, ಸೇರ್ಕಳಕ್ಕೇ ಓಗಿದ್ದೀಯ ಅಂದ್ಕಂಡೆ. ನಿಮ್ಮತ್ತೆ ಕುಂಕುಮಾನೂ ಕೊಟ್ಳು."

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?" ಅಮ್ಮನ ಮುಖ ಕೆಂಪಾಯಿತು. "ನಾನು ಎಲ್ಲಿ ಕೆಲಸ ಮಾಡ್ಬೇಕು ಅಂತ ತೀರ್ಮಾನ ಮಾಡೋಳು ನಾನು ಮಾವ. ನಿಮ್ಮ ಎಲೆ ಅಡಿಕೆ ಅಲ್ಲ. ರೂಮಿಲ್ದೇ ಇದ್ರೆ ಹಜಾರದಲ್ಲಿ ಮೇಜು ಹಾಕ್ಕೊಂಡು ಕೂತ್ಕೋತೀನಿ."

ಅಮ್ಮ ತಾತನಿಗೆ ಹೀಗೆ ಎದುರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ತಾತ ನಿಧಾನವಾಗಿ ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದ.

"ತಪ್ಪು ನಂದೇ ಕಣಮ್ಮಿ. ಕೇಳ್ಬೇಕಾಗಿತ್ತು. ಕೊಟ್ಟ ಎಲೆ ಅಡಿಕೆ ವಾಪಸ್ ಈಸ್ಕಂಡೋನಲ್ಲ ನಾನು. ಆದ್ರೂ ಈಗ್ಲೇ ಓಗಿ ಆ ಎಣ್ಮಗಳತ್ರ ತಪ್ಪಾಯ್ತು ಅಂತೀನಿ. ನಿನ್ ಆಫೀಸು ನಿಂಗೇ ಇರ್ಲಿ" ಎಂದು ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದ.

ಲಾವಣ್ಯ ಗೆದ್ದಿದ್ದಳು! ಅಮ್ಮ ಮನೆಯಲ್ಲೇ ಇರುತ್ತಾಳೆ, ರೂಮೂ ಉಳಿಯಿತು, ಚನ್ನಕ್ಕ ಬರುವುದಿಲ್ಲ. ಅವಳು ಬಯಸಿದ್ದು ಒಂದೂ ಬಿಡದೆ ಆಗಿತ್ತು. ಎದ್ದು ಕುಣಿಯಬೇಕಿತ್ತು. ಯಾಕೋ ಕಾಲು ಏಳಲಿಲ್ಲ. ಕೀಬೋರ್ಡಿನ ಪಕ್ಕ ಒಣಗುತ್ತಿದ್ದ ತಟ್ಟೆ ನೆನಪಾಯಿತು. ಗೋಡೆಗೆ ಒರಗಿ ಕಣ್ಣೊರೆಸಿಕೊಂಡು ನಗುತ್ತಿದ್ದ ಆಶಾ ನೆನಪಾದಳು.

"ತಾತ, ಚಪ್ಪಲಿ ಹಾಕ್ಕೋಬೇಡ" ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು.

"ಅಮ್ಮಾ, ನಾನೇನ್ ಚಿಕ್ಕವಳಲ್ಲ. ನೀನು ಅಲ್ಲಿಗೆ ಹೋಗು."

"ನೀನೇ ಅಲ್ವೇನೇ ಎಸಿ ಜಾಸ್ತಿ ಅಂದಿದ್ದು?"

"ಸ್ವೆಟರ್ ತಗೊಂಡ್ ಹೋಗು." ಲಾವಣ್ಯಳ ಕಣ್ಣಿನಿಂದ ನೀರು ಇಳಿಯಿತು. ಅದು ಯಾಕೆ ಅಂತ ಅವಳಿಗೂ ಗೊತ್ತಾಗಲಿಲ್ಲ. "ನೀನು ಅಲ್ಲಿ ಎಷ್ಟ್ ಜೋರಾಗಿ ನಗ್ತಿದ್ದೆ ಗೊತ್ತಾ? ಮೇಲಿನ ರೂಮಲ್ಲಿ ಒಂದ್ ದಿನಾನೂ ಹಂಗ್ ನಕ್ಕಿಲ್ಲ. ನಾನು ಬಂದಾಗ್ಲೂ ನಕ್ಕಿಲ್ಲ. ಮತ್ತೆ... ನಾನು ರೂಮ್ ನೋಡೋಕೆ ಬಂದವರಿಗೆಲ್ಲ ನೀರು ಬರಲ್ಲ ಅಂತ ಸುಳ್ಳು ಹೇಳಿ ಓಡಿಸ್ಬಿಟ್ಟೆ."

"ಆಂ! ನಮ್ಮನೇಲಿ ನೀರಿಲ್ಲ ಅಂದ್ಯಾ?" ತಾತ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ. ರೂಮು ಹೋದದ್ದಕ್ಕಿಂತ ನೀರಿನ ಮಾತು ಅವನ ಎದೆಗೆ ನಾಟಿತ್ತು.

ಅಮ್ಮ ಲಾವಣ್ಯಳನ್ನು ಹತ್ತಿರಕ್ಕೆಳೆದುಕೊಂಡಳು. "ನಂಗೂ ಹೋಗ್ಬೇಕು ಅಂತ ತುಂಬಾ ಆಸೆ ಲಾವಿ. ಆದ್ರೆ ನಾನು ಬರೋದು ಏಳು ಗಂಟೆ ಆಗುತ್ತೆ ಕಣೇ. ಅಲ್ಲಿವರ್ಗೂ ನೀನು?"

"ನಾನೇನ್ ಸತ್ತೋಗಿದೀನಾ?" ಅಜ್ಜಿ ಅವರೆಕಾಳಿನ ಪಾತ್ರೆಯನ್ನು ಕುಕ್ಕಿದಳು. "ಕೂಸಿಗೆ ಒಂದ್ ಲೋಟ ಆಲು ಕಾಯ್ಸ್‌ಕೊಡಾಕಾಗಲ್ವಾ ನನ್ಕೈಲಿ?"

"ನಿನ್ ಟಿವಿ ಸೀರಿಯಲ್ ಬಂದ್ರೆ ಕಿವಿ ಮುಚ್ಕೋತೀನಿ" ಎಂದಳು ಲಾವಣ್ಯ ಮೂಗೊರೆಸಿಕೊಳ್ಳುತ್ತಾ.

ಅಮ್ಮ ಅಲ್ಲೇ ಕೂತು ಶ್ಯಾಮಣ್ಣನವರಿಗೆ ಫೋನ್ ಮಾಡಿದಳು. "ಬರ್ತೀನಿ ಶ್ಯಾಮಣ್ಣ. ಆದ್ರೆ ಬುಧವಾರ ಮಾತ್ರ ಮನೆಯಿಂದಲೇ ಕೆಲಸ ಮಾಡ್ತೀನಿ. ನಮ್ಮ ಹಜಾರದಿಂದ. ಆರು ತಿಂಗಳು ನೋಡ್ತೀನಿ, ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ನನ್ನ ಫ್ರೀಲಾನ್ಸೇ." ಆ ಕಡೆಯಿಂದ ಶ್ಯಾಮಣ್ಣ, "ಶನಿವಾರ ಭಾನುವಾರ ಹೇಗೂ ರಜೆ, ಬುಧವಾರ ಮನೆಯಿಂದಲೇ ಮಾಡಿ ತಾಯಿ, ಮೊದ್ಲು ಬನ್ನಿ" ಎಂದದ್ದು ಸ್ಪೀಕರ್ ಹಾಕದೆಯೂ ಎಲ್ಲರಿಗೂ ಕೇಳಿಸಿತು.

ಭಾನುವಾರ ಚನ್ನಕ್ಕ, ಭೀಮಪ್ಪ ಪಾತ್ರೆ ಪಗಡೆ ಹೊತ್ತು ಮೇಲೆ ಹತ್ತಿದರು. ಸೋಮವಾರ ಬೆಳಿಗ್ಗೆ ಅಮ್ಮ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಸ್ವೆಟರ್ ಮಡಚಿ ಬ್ಯಾಗಿಗೆ ತುರುಕಿ ಮೆಟ್ರೋ ಕಡೆ ಓಡಿದಳು.

ಅವತ್ತು ಮೂರೂವರೆಗೆ ಲಾವಣ್ಯ ಶಾಲೆಯಿಂದ ಓಡೋಡಿ ಬಂದಳು. ಬರಿಯ ಸುದ್ದಿಯಲ್ಲ, ಮಹಾ ಸುದ್ದಿ ತಂದಿದ್ದಳು. ಶಾಲೆಯ ಖೋ-ಖೋ ಟೀಮಿಗೆ ಅವಳು ಸೆಲೆಕ್ಟ್ ಆಗಿದ್ದಳು! ಐದನೇ ಕ್ಲಾಸಿನಿಂದ ಅವಳೊಬ್ಬಳೇ! ಕಾಲು ರೂಢಿಯಂತೆ ಮಹಡಿ ಮೆಟ್ಟಿಲು ಹತ್ತಿಬಿಟ್ಟಿತು. ಮೇಲಿಂದ ರೊಟ್ಟಿ ಬಡಿಯುವ ಸದ್ದು ಕೇಳಿದಾಗ ತಟ್ಟನೆ ನಿಂತು ಕೆಳಗೆ ಬಂದಳು.

ಅಜ್ಜಿ ಹಾಲು ಕೊಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು. "ಸ್ಕೂಲಲ್ಲಿ ಏನಮ್ಮಿ ಸಮಾಚಾರ?" ಎಂದು ತಾತ ಕೇಳಿದ. "ಏನಿಲ್ಲ" ಎಂದಳು ಲಾವಣ್ಯ. ಈ ಸುದ್ದಿ ಮೊದಲು ಅಮ್ಮನಿಗೇ ಹೇಳಬೇಕು. ನಾಲ್ಕಾಯಿತು, ಐದಾಯಿತು. ಹೋಮ್‌ವರ್ಕ್ ಮುಗಿಯಿತು. ಸುದ್ದಿ ಹೊಟ್ಟೆಯೊಳಗೆ ಕುಣಿಯುತ್ತಲೇ ಇತ್ತು. ಆರಾಯಿತು. ಈ ಗಡಿಯಾರಕ್ಕೆ ಏನು ಕಾಯಿಲೆ ಬಂತೋ, ಮುಳ್ಳೇ ಸರಿಯುವುದಿಲ್ಲ.

ಏಳೂ ಹತ್ತಕ್ಕೆ ಗೇಟು ಕಿರುಗುಟ್ಟಿತು. ಲಾವಣ್ಯ ಬಾಣದಂತೆ ಹೊರಗೆ ಓಡಿದಳು. "ಅಮ್ಮಾ..."

"ಲಾವೀ! ಇವತ್ತು ಏನಾಯ್ತು ಗೊತ್ತೇನೇ?"

ಅಮ್ಮನ ಕೂದಲು ಕೆದರಿತ್ತು, ಮುಖದಲ್ಲಿ ದಿನವಿಡೀ ದುಡಿದ ಆಯಾಸವಿತ್ತು, ಕಣ್ಣು ಮಾತ್ರ ಫಳಫಳ ಹೊಳೆಯುತ್ತಿತ್ತು. ಕೊರಳಿನ ಐಡಿ ಕಾರ್ಡು ತೆಗೆಯುವುದನ್ನೂ ಮರೆತು, ಚಪ್ಪಲಿ ಬಿಡುತ್ತಾ ಬಿಡುತ್ತಾ ಶುರು ಮಾಡಿದಳು. "ಒಂದು ಹೊಸ ಇಸ್ತ್ರಿ ಪೆಟ್ಟಿಗೆ ಬಂದಿದೆ ಕಣೇ, ಅದಕ್ಕೆ ನೀರು ಎಲ್ಲಿಂದ ಹಾಕ್ಬೇಕು ಅಂತ ಯಾರಿಗೂ ಗೊತ್ತಾಗ್ತಿಲ್ಲ! ಶ್ಯಾಮಣ್ಣ ಮೇಲಿಂದ ಅಂತಾರೆ, ನಾನು ಪಕ್ಕದಿಂದ ಅಂತೀನಿ. ಆಮೇಲೆ ಊಟಕ್ಕೆ ಕೂತಾಗ..."

ಲಾವಣ್ಯ ತೆರೆದ ಬಾಯಿ ಮುಚ್ಚಿಕೊಂಡಳು. ಅಮ್ಮನ ಭುಜದಿಂದ ಬ್ಯಾಗು ಇಳಿಸಿಕೊಂಡಳು. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟು, ಜಗುಲಿಯ ಮೇಲೆ ಅಮ್ಮನ ಪಕ್ಕ ಒತ್ತಿಕೊಂಡು ಕೂತಳು. ಖೋ-ಖೋ ಟೀಮು ಎಲ್ಲಿಗೂ ಓಡಿಹೋಗುವುದಿಲ್ಲ, ಊಟ ಆದ ಮೇಲೆ ಹೇಳಿದರಾಯಿತು.

"ಊಟಕ್ಕೆ ಕೂತಾಗ ಏನಾಯ್ತಮ್ಮಾ?" ಎಂದು ಕೇಳಿದಳು.